‘ಗುಲಾಮರು ಗೆಲ್ಲೋದು ಸ್ವಲ್ಪ ಜಾಸ್ತಿ ಆಯ್ತಲ್ವಾ?’

ಕೆಲವು ವರ್ಷಗಳಿಂದ ನಾನು ಇಲ್ಲದ ಒಂದು ಲೋಕದ ಚರಿತ್ರೆ ಬರೆಯುತ್ತಿದ್ದೇನೆ. ಅದರ ಭೂಪಟ ನಾನೇ ಗೀಚಿದ್ದು, ರಾಜವಂಶಗಳು ನಾನೇ ಹುಟ್ಟಿಸಿ ನಾನೇ ಸಾಯಿಸಿದ್ದು. ಅಲ್ಲಿ ಹೊನ್ನಕುದುರು ಅಂತ ಒಂದು ದ್ವೀಪ ಇದೆ. ನೇರಳೆ ಬಣ್ಣ ಕೊಡುವ ಒಂದು ಗಿಡ ಅಲ್ಲಿ ಮಾತ್ರ ಬೆಳೆಯುತ್ತದೆ. ಬೆಳೆಯುವವರು ಗುಲಾಮರು, ದುಡ್ಡು ಎಣಿಸುವವರು ಕಡಲಾಚೆಯವರು. ಗುಲಾಮರು ದಂಗೆ ಏಳುತ್ತಾರೆ. ಹತ್ತು ಹನ್ನೆರಡು ವರ್ಷ ಹೊಡೆದಾಡಿ, ಕೊನೆಗೆ ಸಾಮ್ರಾಜ್ಯದ ಸೈನ್ಯವನ್ನು ಹಡಗು ಹತ್ತಿಸಿ ಕಳಿಸುತ್ತಾರೆ.

ಇದನ್ನು ಓದಿದವರೆಲ್ಲ ಕೇಳುವುದು ಒಂದೇ. ‘ಚೆನ್ನಾಗಿದೆ. ಆದ್ರೆ ಬಂದೂಕು, ಫಿರಂಗಿ, ಹಡಗು ಎಲ್ಲ ಇರೋರನ್ನ ಬರಿಗೈ ಗುಲಾಮರು ಓಡಿಸೋದು ಸ್ವಲ್ಪ ಜಾಸ್ತಿ ಆಯ್ತಲ್ವಾ?’

ಜಾಸ್ತಿ ಆಗಿಲ್ಲ. ನಿಜವಾಗಿ ನಡೆದದ್ದನ್ನು ನಾನು ಕಮ್ಮಿ ಮಾಡಿ ಬರೆದಿದ್ದೇನೆ. ನನ್ನ ಕಥೆಯಲ್ಲಿ ಸೋಲುವುದು ಒಂದು ಸಾಮ್ರಾಜ್ಯ. ಹೈಟಿಯ ಗುಲಾಮರ ದಂಗೆಯಲ್ಲಿ ಸೋತದ್ದು ಮೂರು: ಫ್ರಾನ್ಸ್, ಬ್ರಿಟನ್, ಸ್ಪೇನ್. ಮೂರನ್ನೂ ಹಾಗೇ ಬರೆದಿದ್ದರೆ ನೀವು ಪುಸ್ತಕ ಮುಚ್ಚಿಟ್ಟು ಎದ್ದು ಹೋಗುತ್ತಿದ್ದಿರಿ.

ಆಗ ಹೈಟಿಯ ಹೆಸರು ಸಾಂ ದೊಮಿಂಗ್. ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮದ ಮೂರನೇ ಒಂದು ಪಾಲು. 1697ರಲ್ಲಿ ಫ್ರಾನ್ಸಿನ ಕೈಗೆ ಬಂತು. ನೂರು ವರ್ಷ ಕಳೆಯುವುದರೊಳಗೆ ಯುರೋಪ್ ತಿನ್ನುವ ಸಕ್ಕರೆಯಲ್ಲಿ ನೂರಕ್ಕೆ ಸುಮಾರು 40 ಭಾಗ, ಕುಡಿಯುವ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿಂದಲೇ ಹೋಗುತ್ತಿತ್ತು. 1789ರಲ್ಲಿ ಅಲ್ಲಿದ್ದ ಗುಲಾಮರು ನಾಲ್ಕೂವರೆ ಲಕ್ಷದಿಂದ ಐದು ಲಕ್ಷ. ಬಿಳಿಯರು 30,000ದಿಂದ 40,000. ಗುಲಾಮರಲ್ಲದ ಕರಿಯರು ಮತ್ತು ಮಿಶ್ರ ಮೂಲದವರು 30,000ದ ಆಸುಪಾಸು.

ಸಂಖ್ಯೆ ನೋಡಿದ ತಕ್ಷಣ ‘ಓ, ಜನ ಜಾಸ್ತಿ ಇದ್ರು, ಅದಕ್ಕೇ ಗೆದ್ರು’ ಅಂದುಬಿಡುತ್ತೇವೆ. ಅಷ್ಟೇ ಆಗಿದ್ದರೆ ಇನ್ನೂ ಎಷ್ಟೋ ದ್ವೀಪಗಳಲ್ಲಿ ಗೆಲ್ಲಬೇಕಿತ್ತು. ನನಗೆ ಉತ್ತರ ಸಿಕ್ಕಿದ್ದು ತಲೆ ಎಣಿಕೆಯಲ್ಲಲ್ಲ, ಕಬ್ಬಿನಲ್ಲಿ.

ಮಂಡ್ಯ ಕಡೆ ನಮ್ಮ ಸೋದರಮಾವನದು ಒಂದು ಆಲೆಮನೆ ಇತ್ತು. ಬೇಸಿಗೆ ರಜೆಗೆ ಹೋದಾಗ ಮಾವ ಒಂದು ಮಾತು ಪದೇ ಪದೇ ಹೇಳುತ್ತಿದ್ದರು: ಕಬ್ಬು ಕಡಿದ ಮೇಲೆ ಕಾಯೋ ಹಾಗಿಲ್ಲ ಕಣೋ. ಕಡಿದದ್ದನ್ನು ಬೇಗ ಅರೆಯಬೇಕು, ಅರೆದ ಹಾಲನ್ನು ಆಗಲೇ ಕೊಪ್ಪರಿಗೆಗೆ ಹಾಕಬೇಕು. ಇಲ್ಲದಿದ್ದರೆ ಹುಳಿ ಬರುತ್ತದೆ, ಪಾಕ ಕೂರುವುದಿಲ್ಲ. ಆದ್ದರಿಂದ ಆಲೆಮನೆಯಲ್ಲಿ ಯಾರೂ ತಮ್ಮಿಷ್ಟಕ್ಕೆ ಕೆಲಸ ಮಾಡುವಂತಿರಲಿಲ್ಲ. ಕಡಿಯುವವನು, ಹೊರುವವನು, ಗಾಣಕ್ಕೆ ಕೊಡುವವನು, ಉರಿ ಹಾಕುವವನು, ಪಾಕ ನೋಡುವವನು, ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ.

ಸಾಂ ದೊಮಿಂಗಿನ ತೋಟವೂ ಹೀಗೇ. ಆದರೆ ನೂರಾರು ಪಟ್ಟು ದೊಡ್ಡದು, ಮತ್ತು ಕೈಯಲ್ಲಿ ಚಾಟಿ. ಒಂದೊಂದು ಸಕ್ಕರೆ ತೋಟದಲ್ಲಿ ಇನ್ನೂರು ಮುನ್ನೂರು ಜನ. ಕಟಾವಿನ ಕಾಲದಲ್ಲಿ ಹಗಲು ರಾತ್ರಿ ಪಾಳಿ. ಗಾಣದ ಉರುಳೆಗಳ ನಡುವೆ ಕಬ್ಬು ತೂರಿಸುವವರು ನಿದ್ದೆಗಣ್ಣಲ್ಲೇ ತೂರಿಸಬೇಕು. ಬೆರಳು ಸಿಕ್ಕಿಕೊಂಡರೆ ಕೈ ಹೋಗುತ್ತದೆ, ಕೈ ಹೋದರೆ ಇಡೀ ಮೈ. ಕೆರಿಬಿಯನ್ ತೋಟಗಳ ಗಾಣದ ಪಕ್ಕ ಇದಕ್ಕಾಗಿಯೇ ಒಂದು ಮಚ್ಚು ಇಟ್ಟಿರುತ್ತಿದ್ದರು. ಗಾಣ ನಿಲ್ಲಿಸುವುದಕ್ಕಲ್ಲ. ತೋಳು ಕಡಿದು ಮನುಷ್ಯನನ್ನು ಉಳಿಸುವುದಕ್ಕೆ. ಅಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. 1780ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 30,000 ಜನರನ್ನು ಆಫ್ರಿಕಾದಿಂದ ಹೊಸದಾಗಿ ತಂದು ತುಂಬುತ್ತಿದ್ದರು.

ಒಡೆಯರ ಲೆಕ್ಕ ತಪ್ಪಿದ್ದು ಇಲ್ಲೇ. ಮುನ್ನೂರು ಜನರನ್ನು ಒಂದೇ ಕಡೆ ಕೂಡಿಹಾಕಿ, ಹೊತ್ತಿಗೆ ಸರಿಯಾಗಿ ಏಳಿಸಿ, ಸಾಲಾಗಿ ನಿಲ್ಲಿಸಿ, ಒಬ್ಬ ಮೇಸ್ತ್ರಿಯ ಮಾತು ಕೇಳುವ ಹಾಗೆ ಪಳಗಿಸಿದ್ದು ಅವರೇ. ಒಂದು ದಂಡಿಗೆ ಬೇಕಾದ ಶಿಸ್ತು ಇದೇ ಅಲ್ವಾ? ಮೇಸ್ತ್ರಿಯೂ ಗುಲಾಮನೇ. ಒಡೆಯನ ಗಾಡಿ ಹೊಡೆಯುವವನೂ ಗುಲಾಮನೇ, ಅವನಿಗೆ ಊರೂರು ಸುತ್ತುವ ನೆಪ ಬೇರೆ. 1791ರ ದಂಗೆಯ ಮುಂದಾಳುಗಳಲ್ಲಿ ಹೆಚ್ಚಿನವರು ಇಂಥ ಮೇಸ್ತ್ರಿಗಳು, ಗಾಡಿ ಹೊಡೆಯುವವರು. ಮೇಲಾಗಿ ಹೊಸದಾಗಿ ತಂದವರಲ್ಲಿ ಬಹಳ ಮಂದಿ ಕಾಂಗೋದವರು. ಅಲ್ಲಿನ ಅಂತರ್ಯುದ್ಧಗಳಲ್ಲಿ ಬಂದೂಕು ಹಿಡಿದು ಸೆರೆ ಸಿಕ್ಕವರೂ ಅವರಲ್ಲಿದ್ದರು. ಹಾಗಾಗಿ ‘ಬರಿಗೈ ಗುಲಾಮರು’ ಅನ್ನುವ ಮಾತೇ ಪೂರ್ತಿ ಸರಿಯಲ್ಲ.

1791ರ ಆಗಸ್ಟ್ 14, ಭಾನುವಾರ. ಉತ್ತರದ ಬಯಲಿನ ತೋಟತೋಟಗಳಿಂದ ಆರಿಸಿ ಬಂದವರು ಗುಟ್ಟಾಗಿ ಸೇರಿದರು. 22ರ ರಾತ್ರಿ ಬೆಂಕಿ ಬಿತ್ತು. ಮೊದಲು ನಾಯಕನಾಗಿ ನಿಂತವನು ಬುಕ್ಮನ್. ಒಣಗಿದ ಕಬ್ಬಿನ ಗದ್ದೆಗೆ ಕಿಡಿ ತಾಗಿದರೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಉರಿಯುವ ತರಗು ಗಾಳಿಗೆ ಹಾರಿ ಕಾಪ್ ಫ್ರಾಂಸೆ ನಗರದವರೆಗೂ ಬೀಳುತ್ತಿತ್ತು. ಕೆಲವೇ ವಾರಗಳಲ್ಲಿ ಸುಮಾರು ಇನ್ನೂರು ಸಕ್ಕರೆ ತೋಟಗಳು ಬೂದಿ. ಸುಟ್ಟದ್ದು ಬರೀ ಮನೆಗಳನ್ನಲ್ಲ. ಗಾಣ ಒಡೆದರು, ಕೊಪ್ಪರಿಗೆ ಒಡೆದರು. ನನಗೆ ಇದು ಬಹಳ ದೊಡ್ಡ ಸಂಗತಿ. ಒಡೆಯನ ಮೇಲಿನ ಸಿಟ್ಟಿನಷ್ಟೇ ಆ ಯಂತ್ರದ ಮೇಲೂ ಸಿಟ್ಟಿತ್ತು.

ಬುಕ್ಮನ್ ನವೆಂಬರಿನಲ್ಲೇ ಸತ್ತ. ಫ್ರೆಂಚರು ಅವನ ತಲೆ ಕಡಿದು ಎಲ್ಲರಿಗೂ ಕಾಣುವ ಹಾಗೆ ನೆಟ್ಟರು. ದಂಗೆ ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಅಂದರೆ, ನಿಲ್ಲಿಸಬೇಕಾದವರೇ ಒಬ್ಬರ ಜುಟ್ಟು ಒಬ್ಬರು ಹಿಡಿದಿದ್ದರು. ತೋಟದ ಧಣಿಗಳು ‘ದೊಡ್ಡ ಬಿಳಿಯರು’, ಅಂಗಡಿ ಕಸುಬಿನವರು ‘ಚಿಕ್ಕ ಬಿಳಿಯರು’. ಇಬ್ಬರಿಗೂ ಆಗುತ್ತಿರಲಿಲ್ಲ. ಇಬ್ಬರೂ ಒಂದಾಗುತ್ತಿದ್ದದ್ದು ಮಿಶ್ರ ಮೂಲದವರಿಗೆ ಹಕ್ಕು ಕೊಡಬಾರದು ಅನ್ನುವುದಕ್ಕೆ ಮಾತ್ರ. ಆ ಮಿಶ್ರ ಮೂಲದವರಲ್ಲೂ ಗುಲಾಮರನ್ನಿಟ್ಟುಕೊಂಡ ಸಾಹುಕಾರರಿದ್ದರು. ಅವರಲ್ಲೊಬ್ಬ ವ್ಯಾಂಸಾಂ ಓಜೆ. ‘ನಮಗೂ ಬಿಳಿಯರಷ್ಟೇ ಹಕ್ಕು ಕೊಡಿ’ ಅಂತ 1790ರಲ್ಲಿ ಬಂಡೆದ್ದ. ಗುಲಾಮರನ್ನು ಬಿಡಿಸಿ ಅಂತ ಅವನೇನೂ ಕೇಳಿರಲಿಲ್ಲ. 1791ರ ಫೆಬ್ರವರಿಯಲ್ಲಿ ನಡುಬೀದಿಯಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಇಷ್ಟೆಲ್ಲ ಜಗಳ ನಡೆದದ್ದು ಊಟದ ಮೇಜಿನ ಸುತ್ತ, ಬಡಿಸುತ್ತಿದ್ದವರು ಗುಲಾಮರು. ಅವರಿಗೆ ಕಿವಿ ಇರಲಿಲ್ವಾ?

ಮುಂದಿನದನ್ನು ಬೇಗ ಹೇಳುತ್ತೇನೆ. 1793ರಲ್ಲಿ ಪ್ಯಾರಿಸ್ಸಿನಲ್ಲಿ ರಾಜನ ತಲೆ ಹೋಯಿತು. ಬ್ರಿಟನ್, ಸ್ಪೇನ್ ಎರಡೂ ಫ್ರಾನ್ಸಿನ ಮೇಲೆ ಬಿದ್ದವು. ಈ ಸಕ್ಕರೆಯ ಗಣಿ ಮೇಲೆ ಇಬ್ಬರಿಗೂ ಕಣ್ಣು. ಫ್ರಾನ್ಸಿನ ಪರವಾಗಿ ಅಲ್ಲಿದ್ದ ಅಧಿಕಾರಿ ಸೊಂತೊನಾಗೆ ಹೊಡೆದಾಡಲು ಜನವೇ ಇರಲಿಲ್ಲ. 1793ರ ಆಗಸ್ಟ್ 29ರಂದು ಉತ್ತರದ ಗುಲಾಮರೆಲ್ಲ ಸ್ವತಂತ್ರರು ಅಂತ ಸಾರಿದ. ಅವನು ಮೊದಲಿಂದಲೂ ಗುಲಾಮಗಿರಿಯ ವಿರೋಧಿ, ನಿಜ. ಆದರೆ ಅವತ್ತು ಅವನ ಕೈ ಹಿಡಿದು ಬರೆಸಿದ್ದು ಯುದ್ಧ. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆಯೂ ಅದಕ್ಕೆ ಮುದ್ರೆ ಒತ್ತಿತು. ಆಮೇಲೆ ಸ್ಪೇನಿನ ಕಡೆಯಿದ್ದ ದಂಗೆಯ ನಾಯಕ ಟೂಸಾಂ ಲೂವರ್ತ್ಯೂರ್ ಫ್ರಾನ್ಸಿನ ಕಡೆ ಬಂದ, ಆಟದ ದಿಕ್ಕೇ ಬದಲಾಯಿತು. ಐದು ವರ್ಷ ಒದ್ದಾಡಿ, ಹಳದಿ ಜ್ವರಕ್ಕೆ ಸಾವಿರಾರು ಸಿಪಾಯಿಗಳನ್ನು ಕಳೆದುಕೊಂಡು ಬ್ರಿಟಿಷರು 1798ರಲ್ಲಿ ಗಂಟುಮೂಟೆ ಕಟ್ಟಿದರು. ಮರು ವರ್ಷ ಮೇ ತಿಂಗಳಲ್ಲಿ ಅದೇ ಬ್ರಿಟಿಷರು ಶ್ರೀರಂಗಪಟ್ಟಣದ ಕೋಟೆ ಒಡೆದರು. ಮಾವನ ಆಲೆಮನೆಯಿಂದ ಆ ಕೋಟೆಗೆ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಈಗ ನನ್ನ ಓದುಗರಿಗೆ ಹಿಡಿಸದ ಭಾಗ. ಹೊನ್ನಕುದುರಿನಲ್ಲಿ ಗೆದ್ದ ನಾಯಕನೇ ತನ್ನ ಜನರನ್ನು ಮತ್ತೆ ನೇರಳೆ ಗಿಡದ ತೋಟಕ್ಕೆ ಅಟ್ಟುತ್ತಾನೆ. ‘ಇಷ್ಟು ಒಳ್ಳೆ ಪಾತ್ರನ ಯಾಕೆ ಸಾರ್ ಕೆಡಿಸಿದ್ರಿ?’ ಅಂತ ಒಬ್ಬ ಹುಡುಗ ನೊಂದುಕೊಂಡು ಕೇಳಿದ್ದ.

ಟೂಸಾಂ ಹಾಗೇ ಮಾಡಿದ್ದ. ಅವನು ಬ್ರೆಡಾ ಎಂಬ ತೋಟದಲ್ಲಿ ಗುಲಾಮನಾಗಿ ಹುಟ್ಟಿದವನು, ಕುದುರೆ ನೋಡಿಕೊಂಡು ಗಾಡಿ ಹೊಡೆಯುತ್ತಿದ್ದವನು. ದಂಗೆಗೆ ಎಷ್ಟೋ ವರ್ಷ ಮೊದಲೇ ಬಿಡುಗಡೆ ಪಡೆದಿದ್ದ. 1801ರಲ್ಲಿ ಸಂವಿಧಾನ ಬರೆಸಿ, ಸಾಯುವವರೆಗೂ ತಾನೇ ಗವರ್ನರ್ ಎಂದ. ಗುಲಾಮಗಿರಿ ಇನ್ನೆಂದೂ ಇಲ್ಲ ಅಂತ ಅದೇ ಸಂವಿಧಾನ ಹೇಳಿತು. ಆದರೆ ತೋಟ ಬಿಟ್ಟು ಹೋಗುವ ಹಾಗಿಲ್ಲ. ಫಸಲಿನ ಕಾಲು ಭಾಗ ಕೆಲಸದವರಿಗೆ, ಕಾವಲಿಗೆ ಸೈನ್ಯ. ಅವನ ಕಷ್ಟವೂ ಸುಳ್ಳಲ್ಲ. ಬಂದೂಕು, ಮದ್ದು ಬರುತ್ತಿದ್ದದ್ದು ಅಮೆರಿಕದ ವ್ಯಾಪಾರಿಗಳಿಂದ. ಅವರಿಗೆ ಕೊಡಲು ಸಕ್ಕರೆ, ಕಾಫಿ ಬಿಟ್ಟರೆ ಇನ್ನೇನಿತ್ತು? ಕಬ್ಬು ಕಡಿಯದಿದ್ದರೆ ಮದ್ದಿಲ್ಲ, ಮದ್ದಿಲ್ಲದಿದ್ದರೆ ನಾಳೆ ಫ್ರೆಂಚರು ಬಂದು ಸಂಕೋಲೆ ಹಾಕುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ತೋಟದ ಜನ ಅವನ ವಿರುದ್ಧವೇ ತಿರುಗಿಬಿದ್ದರು. ಅದರ ಹಿಂದೆ ತನ್ನ ಸಾಕು ಸೋದರಳಿಯ ಮೊಯೀಸನೇ ಇದ್ದಾನೆಂದು ಟೂಸಾಂ ಅವನನ್ನು ಗುಂಡಿಕ್ಕಿ ಕೊಲ್ಲಿಸಿದ. ನಾನು ಪಾತ್ರವನ್ನು ಕೆಡಿಸಿಲ್ಲ ಮಾರಾಯ. ಕೆಡಿಸದೆ ಬಿಟ್ಟಿದ್ದರೆ ಸುಳ್ಳಾಗುತ್ತಿತ್ತು.

1802ರ ಫೆಬ್ರವರಿಯಲ್ಲಿ ನೆಪೋಲಿಯನ್ ತನ್ನ ತಂಗಿಯ ಗಂಡ ಲಕ್ಲೇರ್‌ನ ಕೈಯಲ್ಲಿ ಕಳಿಸಿದ್ದ ದೊಡ್ಡ ಸೈನ್ಯ ಬಂದಿಳಿಯಿತು. ಈ ಯುದ್ಧದಲ್ಲಿ ನನಗೆ ಮರೆಯಲಾಗದ್ದು ಕ್ರೆತ್ ಆ ಪಿಯೆರೊ ಎಂಬ ಗುಡ್ಡದ ಕೋಟೆ. ಮಾರ್ಚಿನಲ್ಲಿ ಫ್ರೆಂಚರು ಅದನ್ನು ಮುತ್ತಿದ್ದರು. ರಾತ್ರಿ ಕೋಟೆಯೊಳಗಿಂದ ಹಾಡು ಕೇಳಿಬಂತು. ಅವು ಫ್ರೆಂಚ್ ಕ್ರಾಂತಿಯ ಹಾಡುಗಳು. ಹೊರಗಿದ್ದ ಸಿಪಾಯಿಗಳು ತಮ್ಮ ಅಧಿಕಾರಿಗಳ ಮುಖ ನೋಡಿದರಂತೆ. ಸ್ವಾತಂತ್ರ್ಯದ ಪರ ಇರುವವರು ಯಾರು, ನಾವಾ, ಅವರಾ? ಇದನ್ನು ಬರೆದಿಟ್ಟವನು ಫ್ರೆಂಚ್ ಸೈನ್ಯದ ಅಧಿಕಾರಿಯೇ. ಈ ದೃಶ್ಯ ನನ್ನ ತಲೆಯಲ್ಲಿ ಹುಟ್ಟುವಂಥದ್ದಲ್ಲ. ಹುಟ್ಟಿದ್ದರೂ ‘ಸಿನಿಮಾ ಥರ ಆಯ್ತು’ ಅಂತ ನಾನೇ ಹೊಡೆದುಹಾಕುತ್ತಿದ್ದೆ.

ಜೂನ್‌ನಲ್ಲಿ ಮಾತುಕತೆಗೆ ಕರೆದು ಟೂಸಾಂನನ್ನು ಹಿಡಿದರು. ಫ್ರಾನ್ಸಿನ ಜೂರಾ ಬೆಟ್ಟದ ಕೊರೆಯುವ ಚಳಿಯ ಕೋಟೆಯಲ್ಲಿ 1803ರ ಏಪ್ರಿಲ್ 7ರಂದು ಸತ್ತ. ಅಷ್ಟರಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ವಾಪಸ್ ತಂದ ಸುದ್ದಿ ಮುಟ್ಟಿತ್ತು. ಫ್ರೆಂಚರ ಜೊತೆ ರಾಜಿಯಾಗಿದ್ದ ಸೇನಾನಾಯಕರು ದೆಸಾಲಿನ್, ಕ್ರಿಸ್ಟೋಫ್, ಪೆತಿಯೋನ್ ಎಲ್ಲರೂ ತಿರುಗಿದರು. ಲಕ್ಲೇರ್ 1802ರ ನವೆಂಬರಿನಲ್ಲೇ ಹಳದಿ ಜ್ವರಕ್ಕೆ ಬಲಿ. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಕೊನೆಯ ಕಾಳಗ. 1804ರ ಜನವರಿ 1ರಂದು ದೆಸಾಲಿನ್ ಸ್ವಾತಂತ್ರ್ಯ ಸಾರಿ, ಮೂಲನಿವಾಸಿಗಳ ಹಳೆಯ ಹೆಸರು ಹೈಟಿಯನ್ನೇ ನಾಡಿಗೆ ಇಟ್ಟ. ಆಮೇಲಿನ ತಿಂಗಳುಗಳಲ್ಲಿ ಉಳಿದ ಫ್ರೆಂಚರಲ್ಲಿ ಸಾವಿರಾರು ಮಂದಿಯನ್ನು ಕೊಲ್ಲಿಸಿದ, ಹೆಂಗಸರು ಮಕ್ಕಳೂ ಸೇರಿ. ಅದನ್ನೂ ನನ್ನ ಕಥೆಯಿಂದ ಬಿಟ್ಟಿಲ್ಲ.

‘ಗೆದ್ದ ಮೇಲೂ ಯಾಕೆ ಅಷ್ಟು ಬಡತನ ತೋರಿಸಿದ್ದೀರಿ?’ ಅಂತ ಕೇಳುವವರಿಗೆ 1825ರ ಕಥೆ ಸಾಕು. ಫ್ರಾನ್ಸಿನ ರಾಜ ಹತ್ತನೇ ಚಾರ್ಲ್ಸ್ ಯುದ್ಧದ ಹಡಗುಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ಕೇಳಿದ. ನಿಮ್ಮಿಂದ ನಮ್ಮ ತೋಟದ ಧಣಿಗಳಿಗೆ ನಷ್ಟ ಆಗಿದೆ, ಕಟ್ಟಿಕೊಡಿ, ಆಗ ನಿಮ್ಮನ್ನು ದೇಶ ಅಂತ ಒಪ್ಪುತ್ತೇವೆ ಅಂತ. ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಅದಕ್ಕಾಗಿ ಮಾಡಿದ ಸಾಲ, ಸಾಲದ ಮೇಲಿನ ಸಾಲ ಪೂರ್ತಿ ತೀರಿದ್ದು 1947ರಲ್ಲಿ. ಕಟ್ಟಿದ್ದು ಬಹುಪಾಲು ಕಾಫಿ ಬೆಳೆಗಾರರ ಬೆವರಿನಿಂದ.

ಯಾಕೆ ಕಾಫಿ, ಸಕ್ಕರೆ ಎಲ್ಲಿ ಹೋಯಿತು? ಸಕ್ಕರೆ ರಫ್ತು ಹೆಚ್ಚೂಕಡಿಮೆ ನಿಂತೇ ಹೋಗಿತ್ತು. ಟೂಸಾಂ ಅಟ್ಟಿದ, ದೆಸಾಲಿನ್ ಅಟ್ಟಿದ, ಉತ್ತರದಲ್ಲಿ ರಾಜನಾದ ಕ್ರಿಸ್ಟೋಫ್ ಅಟ್ಟಿದ. ಜನ ಮಾತ್ರ ಕಬ್ಬಿನ ಗಾಣಕ್ಕೆ ವಾಪಸ್ ಹೋಗಲು ಒಪ್ಪಲೇ ಇಲ್ಲ. ಬೆಟ್ಟ ಹತ್ತಿದರು. ಗೆಣಸು, ಬಾಳೆ, ನೆರಳಲ್ಲಿ ನಾಲ್ಕು ಕಾಫಿ ಗಿಡ, ಬಂಧುಗಳ ಮನೆಗಳಿಗೆಲ್ಲ ಸೇರಿ ಒಂದು ಅಂಗಳ. ದಂಗೆಯ ಮೊದಲ ತಿಂಗಳುಗಳಲ್ಲೇ, ಸಂಧಾನದ ಮಾತು ನಡೆಯುತ್ತಿದ್ದಾಗ, ದಂಗೆಕೋರರ ನಡುವೆ ಓಡಾಡುತ್ತಿದ್ದ ಒಂದು ಬೇಡಿಕೆ ಇದು: ವಾರಕ್ಕೆ ಮೂರು ದಿನ ನಮಗೆ ಬಿಡಿ, ನಮ್ಮ ತುಂಡು ನೆಲ ನಾವು ನೋಡಿಕೊಳ್ಳುತ್ತೇವೆ. ಕೊನೆಗೆ ಏಳೂ ದಿನ ತೆಗೆದುಕೊಂಡರು.

ನನ್ನ ಕಥೆಯ ಕೊನೆಯ ಅಧ್ಯಾಯದಲ್ಲಿ ಯುದ್ಧವಿಲ್ಲ. ಒಬ್ಬ ಮುದುಕಿ ನೇರಳೆ ಗಿಡಗಳನ್ನು ಬುಡಸಮೇತ ಕಿತ್ತು ಒಣಗಿಸಿ ಒಲೆಗೆ ಹಾಕುತ್ತಾಳೆ. ಆ ಜಾಗದಲ್ಲಿ ಗೆಣಸಿನ ಬಳ್ಳಿ ನೆಡುತ್ತಾಳೆ. ಇಡೀ ಅಧ್ಯಾಯದಲ್ಲಿ ಇಷ್ಟೇ ನಡೆಯುವುದು. ಬೋರು, ತೆಗೆದುಬಿಡಿ ಅಂತ ಬಹಳ ಜನ ಹೇಳಿದ್ದಾರೆ. ಅದೊಂದನ್ನು ಕೇಳಬೇಡಿ.