ಟಿವಿಗಿಂತ ಮೊದಲು ಬರುವ ಸದ್ದು

2021 ನವೆಂಬರ್ 27, ಶನಿವಾರ ರಾತ್ರಿ
ಆನ್ ಆರ್ಬರ್, ಮಿಶಿಗನ್

ಗಂಟಲು ಕಟ್ಟಿದೆ. ಈಗಷ್ಟೇ ಉಪ್ಪುನೀರು ಮುಕ್ಕಳಿಸಿ ಬಂದು ಕೂತೆ. ದಾವಣಗೆರೆಗೆ ಫೋನ್ ಮಾಡಿದರೆ ಅಪ್ಪ, "ಶೀತಾನಾ? ಕೊರೊನಾ ಟೆಸ್ಟ್ ಮಾಡಿಸಿದ್ಯಾ?" ಅಂತ ಗಾಬರಿಯಾದರು. ಫುಟ್‌ಬಾಲ್ ನೋಡಲು ಹೋಗಿ ಕೂಗಿದ್ದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಕಾಲಲ್ಲಿ ಆಡೋದಾ, ಕೈಲಿ ಹಿಡ್ಕೊಂಡು ಓಡೋದಾ?" ಅಂದರು. ಕೈಲಿ ಹಿಡ್ಕೊಂಡು ಓಡೋದು, ಅಮೆರಿಕನ್ ಫುಟ್‌ಬಾಲ್. "ಮತ್ತೆ ಫುಟ್‌ಬಾಲ್ ಯಾಕಂತಾರೆ?" ಐದು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಸರಿಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ನಮ್ಮ ಮನೆಯಿಂದ ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಒಂದು ಮೈಲಿಯೂ ಇಲ್ಲ. 2016ರಲ್ಲಿ ಈ ಮನೆಗೆ ಬಂದಾಗ ಯಾರೂ ಈ ವಿಷಯ ಹೇಳಿರಲಿಲ್ಲ. ಪಂದ್ಯದ ಶನಿವಾರ ಬಂತೆಂದರೆ ಹಾಲು ತರಲೂ ಕಾರು ತೆಗೆಯುವಂತಿಲ್ಲ. ಸ್ಟೇಡಿಯಂ ಹತ್ತಿರದ ಮನೆಯವರು ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಿಕೊಂಡು ದುಡ್ಡು ಎಣಿಸುತ್ತಾರೆ, ನಮ್ಮೂರ ಜಾತ್ರೆಯಲ್ಲಿ ಚಪ್ಪಲಿ ಕಾಯುವವರ ಹಾಗೆ. ನಾನು ಬೈದುಕೊಂಡು ಶುಕ್ರವಾರವೇ ತರಕಾರಿ ತಂದಿಡುತ್ತಿದ್ದೆ.

ಆಮೇಲೆ ಆ ಸದ್ದು. ಪಾತ್ರೆ ತೊಳೆಯುತ್ತಿದ್ದರೆ ಇದ್ದಕ್ಕಿದ್ದಂತೆ ದೂರದಲ್ಲಿ ಮಳೆ ಬೀಸಿ ಬಂದ ಹಾಗೆ ಒಂದು ಹೋ ಎನ್ನುವ ಕೂಗು. ಅದಾಗಿ ಎಷ್ಟೋ ಸೆಕೆಂಡಿಗೆ ಪಕ್ಕದ ಮನೆ ಅಜ್ಜನ ಟಿವಿಯಿಂದ ಅದೇ ಕೂಗು. ಟಿವಿಯಲ್ಲಿ ಎಲ್ಲವೂ ತಡ. ಹಾಗಾಗಿ ಏನೋ ಒಳ್ಳೆಯದಾಗಿದೆ ಅಂತ ಅಜ್ಜನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಏನಾಗಿದೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನಾನು ಅಭಿಮಾನಿಯಾಗಿದ್ದು ಹೋದ ವರ್ಷ. ಕೊರೊನಾದಿಂದ ಸ್ಟೇಡಿಯಂ ಒಳಗೆ ಜನರನ್ನು ಬಿಡಲಿಲ್ಲ. ಪಂದ್ಯವೇನೋ ಅಲ್ಲೇ ನಡೆಯುತ್ತಿತ್ತು, ಸದ್ದಿಲ್ಲ. ಅಕ್ಟೋಬರ್‌ನ ಒಂದು ಶನಿವಾರ ಪಾತ್ರೆ ತೊಳೆಯುತ್ತಾ ನಲ್ಲಿ ನಿಲ್ಲಿಸಿ ಕಿವಿ ಕೊಟ್ಟೆ. ಏನೂ ಇಲ್ಲ. ಮನೆಯಲ್ಲಿ ಗೋಡೆ ಗಡಿಯಾರ ನಿಂತಾಗ ಆಗುತ್ತದಲ್ಲ, ಹಾಗೆ. ಸಂಜೆ ಬೇಲಿಯ ಹತ್ತಿರ ನಿಂತು ಅಜ್ಜನನ್ನು, "ಇವತ್ತು ಗೆದ್ದರಾ?" ಅಂತ ಕೇಳಿದೆ. ಅವರು ನನ್ನನ್ನೇ ನೋಡಿದರು. ನಾಲ್ಕು ವರ್ಷದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು.

ಪಾಠ ಶುರುವಾಗಿದ್ದು ಅಲ್ಲಿಂದ. ನಾಲ್ಕು ಅವಕಾಶ, ಹತ್ತು ಗಜ. ಅಷ್ಟರಲ್ಲಿ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಅವರಿಗೆ. ಮೊದಲಿಗೆ ಇದಿಷ್ಟು ತಿಳಿದರೆ ಸಾಕು ಅಂದರು. ಕಬಡ್ಡಿ ನೋಡಿದವರಿಗೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ: ಗೆರೆ, ಹಿಡಿತ, ಒಬ್ಬನ ಮೇಲೆ ನಾಲ್ಕು ಜನ ಬೀಳುವುದು. ಆದರೆ ಕಬಡ್ಡಿ ಇಷ್ಟು ಸಲ ನಿಲ್ಲುವುದಿಲ್ಲ. ಜಾಹೀರಾತಿಗಾಗಿ ಆಟಗಾರರು ಚಳಿಯಲ್ಲಿ ಕೈಕಟ್ಟಿ ನಿಲ್ಲುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ತಂಡದ ಬಣ್ಣ ನೀಲಿ ಮತ್ತು 'ಮೇಜ್'. ಮೇಜ್ ಅಂದರೆ ಮೆಕ್ಕೆಜೋಳ! ಹಳದಿ ಅಂದೆ ಅಂತ ಅಜ್ಜ ಒಮ್ಮೆ ತಿದ್ದಿದರು. ದಾವಣಗೆರೆ ಎಪಿಎಂಸಿಯಲ್ಲಿ ರಾಶಿ ಹಾಕಿದ ಮೆಕ್ಕೆಜೋಳ ನೋಡಿ ಬೆಳೆದವಳಿಗೆ ಈ ಪಾಠ ಬೇಕಿತ್ತಾ? ಆದರೂ ಅವತ್ತೇ ಆ ಬಣ್ಣದ ಟೋಪಿ ಕೊಂಡೆ.

ಇವತ್ತಿನ ಎದುರಾಳಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ. ಇವರ ಹಗೆತನ 1897ರದ್ದು. ಈ ಪಂದ್ಯದ ವಾರದಲ್ಲಿ ಒಹಾಯೊದವರು ತಮ್ಮ ಕ್ಯಾಂಪಸ್ಸಿನ ಬೋರ್ಡುಗಳಲ್ಲಿರುವ 'ಎಂ' ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಕಾಟು ಹಾಕುತ್ತಾರಂತೆ, ಮಿಶಿಗನ್‌ನ 'ಎಂ' ಕಣ್ಣಿಗೆ ಬೀಳಬಾರದು ಅಂತ. ನಮ್ಮವರು ಕೊನೆಯದಾಗಿ ಗೆದ್ದಿದ್ದು 2011ರಲ್ಲಿ. ಆಮೇಲೆ ಆಡಿದ ಎಂಟೂ ಪಂದ್ಯ ಸೋತಿದ್ದಾರೆ. ಹೋದ ವರ್ಷದ್ದು ಕೊರೊನಾದಿಂದ ರದ್ದಾಯಿತು. ("ನಮ್ಮವರು" ಅಂತ ಬರೆದಿದ್ದು ಈಗ ಗಮನಕ್ಕೆ ಬಂತು. ಇರಲಿ.)

ಅಜ್ಜನ ಮಂಡಿ ಈ ಚಳಿಗಾಲ ಕೈಕೊಟ್ಟಿದೆ. ಹಿಮದಲ್ಲಿ ಮೆಟ್ಟಿಲು ಇಳಿಯುವುದು ಆಗದು ಅಂತ ಟಿಕೆಟನ್ನು ಮಗಳ ಸಹಾಯದಿಂದ ನನ್ನ ಫೋನಿಗೆ ಕಳಿಸಿದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಎಲ್ಲರೂ ಎದ್ದು ನಿಂತಾಗ ನೀನೂ ನಿಲ್ಲು. ಕೂತರೆ ಏನೂ ಕಾಣಿಸಲ್ಲ" ಅಂದರು, ಅಷ್ಟೇ.

1927ರ ಈ ಸ್ಟೇಡಿಯಂ ಹೊರಗಿನಿಂದ ಅಂಥ ಎತ್ತರವೇನಿಲ್ಲ. ಬಾಗಿಲು ದಾಟಿದರೆ ಎದೆ ಧಸಕ್ ಅನ್ನುತ್ತದೆ. ನೆಲ ತೋಡಿ ಕಟ್ಟಿದ್ದಾರೆ, ದೊಡ್ಡ ಪುಷ್ಕರಣಿಯ ಹಾಗೆ. ನಾವು ದಂಡೆಯ ಮೇಲೆ ನಿಂತಿರುತ್ತೇವೆ, ಮೈದಾನ ಎಲ್ಲೋ ತಳದಲ್ಲಿ ಹಸಿರಾಗಿ ಕಾಣುತ್ತದೆ. ಒಳಗೆ ಬ್ಯಾಗ್ ಬಿಡುವುದಿಲ್ಲ. ಜೇಬಲ್ಲಿ ಫೋನು, ಹುರಿಗಡಲೆ, ಇನ್ನೊಂದು ಜೊತೆ ಕೈಗವಸು. ಕುರ್ಚಿಗಳಲ್ಲ, ಉದ್ದದ ಬೆಂಚು. ಒಬ್ಬರಿಗೆ ಬರೆದಿರುವ ಜಾಗ ಬೇಸಿಗೆಗೆ ಸರಿ, ಎಲ್ಲರೂ ದಪ್ಪ ಕೋಟು ಹಾಕಿದ ಇವತ್ತಿಗೆ ಅಲ್ಲ. ಅಕ್ಕಪಕ್ಕದವರ ಭುಜ ಒತ್ತಿಕೊಂಡು ನಾಲ್ಕು ಗಂಟೆ ಕಳೆದೆ. ಒಂದು ರೀತಿ ಒಳ್ಳೆಯದೇ ಆಯಿತು, ಬೆಚ್ಚಗಿತ್ತು. ಇವತ್ತು ಬಂದವರು 1,11,156 ಜನ.

ಅರ್ಧ ಆಟಕ್ಕೆ 14-13. ನಮ್ಮವರು ಒಂದೇ ಒಂದು ಅಂಕ ಮುಂದೆ. ಹಿಮ ಉದುರುತ್ತಲೇ ಇತ್ತು. ಹಿಂದಿನ ಸಾಲಿನಲ್ಲಿ ಒಬ್ಬರು, "ಎರಡನೇ ಅರ್ಧದಲ್ಲೇ ನಮ್ಮ ಹಣೆಬರಹ ಗೊತ್ತಾಗೋದು" ಅಂದರು. ಆ ಮಾತಿನಲ್ಲಿ ಹತ್ತು ವರ್ಷದ ಸುಸ್ತಿತ್ತು. ಆದರೆ ಆಮೇಲೆ ಹಾಸನ್ ಹ್ಯಾಸ್ಕಿನ್ಸ್ ಚೆಂಡನ್ನು ಹೊಟ್ಟೆಗೆ ಅವಚಿಕೊಂಡು ಮತ್ತೆ ಮತ್ತೆ ನುಗ್ಗಿದ. ಇಬ್ಬರು ಹಿಡಿದರೂ ಕಾಲು ನಿಲ್ಲುತ್ತಿರಲಿಲ್ಲ. ಅವನೊಬ್ಬನದೇ ಐದು ಟಚ್‌ಡೌನ್, ಅಂದರೆ ಐದು ಸಲ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದ. ಈ ಕಡೆ ನಮ್ಮ ಏಡನ್ ಹಚಿನ್ಸನ್, ಒಹಾಯೊದ ಕ್ವಾರ್ಟರ್‌ಬ್ಯಾಕನ್ನು (ಚೆಂಡು ಎಸೆದು ಆಟ ನಡೆಸುವವನನ್ನು) ಮೂರು ಸಲ ನೆಲಕ್ಕೆ ಕೆಡವಿದ. ಇವನ ಅಪ್ಪನೂ ಇದೇ ತಂಡಕ್ಕೆ ಆಡಿದವರು.

ನನ್ನದೊಂದು ಕಷ್ಟ. ಏನಾಯಿತು ಅಂತ ನನಗೆ ಕೂಡಲೇ ಗೊತ್ತಾಗುವುದಿಲ್ಲ. ಪಕ್ಕದವರ ಮುಖ ನೋಡಿ, ಒಳ್ಳೆಯದೇ ಆಗಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಕೂಗುತ್ತೇನೆ. ಎಲ್ಲರೂ ಉಸಿರು ತೆಗೆದುಕೊಳ್ಳುವಾಗ ನಾನೊಬ್ಬಳು "ಹೋ!" ಅಂದಿರುತ್ತೇನೆ. ಮುಂದಿನ ಸಾಲಿನ ಹುಡುಗಿ ಎರಡು ಸಲ ತಿರುಗಿ ನೋಡಿ ನಕ್ಕಳು.

42-27. ಗೆದ್ದರು. ಹುಡುಗರು ಗೋಡೆ ಹಾರಿ ಮೈದಾನಕ್ಕೆ ಇಳಿದರು. ಹಸಿರು ಪೂರ್ತಿ ಮುಚ್ಚಿಹೋಯಿತು. ನಾನು ಇಳಿಯಲಿಲ್ಲ, ನನಗೂ ಮಂಡಿ ಇದೆ. ಹಿಂದಿನ ಸಾಲಿನವರು ಅಳುತ್ತಾ ಎಲ್ಲರ ಕೈ ಕುಲುಕುತ್ತಿದ್ದರು. ನನ್ನ ಕೈ ಕುಲುಕಿ, ಈ ತಂಡದವರ ಜೈಕಾರ "ಗೋ ಬ್ಲೂ" ಅಂದರು. ನಾನೂ "ಗೋ ಬ್ಲೂ" ಅಂದೆ. ಐದು ವರ್ಷ ಇಲ್ಲಿದ್ದು ಬಾಯಿ ಬಿಟ್ಟು ಹೇಳಿದ್ದು ಇದೇ ಮೊದಲು.

ಸೀದಾ ಅಜ್ಜನ ಮನೆಗೆ ಹೋದೆ. ಕಿಟಕಿ ಎರಡು ಬೆರಳಷ್ಟು ತೆರೆದಿತ್ತು, ಒಳಗಿನ ಕಟ್ಟೆಯ ಮೇಲೆ ಹಿಮ ಕರಗಿ ನೀರಾಗಿತ್ತು. ಅಜ್ಜ ಕಂಬಳಿ ಹೊದ್ದು ಕೂತಿದ್ದರು. "ಬೆಳಗ್ಗೆಯಿಂದ ಹೀಗೇ. ಹೀಟರ್ ಬೀದಿ ಕಾಯಿಸ್ತಾ ಇದೆ" ಅಂತ ಅಜ್ಜಿ ದೂರು ಹೇಳಿದರು. ಆರೂ ಟಚ್‌ಡೌನ್ ಟಿವಿಗಿಂತ ಮೊದಲೇ ಗೊತ್ತಾಯಿತು ಅಂತ ಅಜ್ಜನಿಗೆ ಖುಷಿಯೋ ಖುಷಿ.

"ನನ್ನ ಕೂಗೂ ಕೇಳಿಸ್ತಾ?" ಅಂತ ಸುಮ್ನೆ ತಮಾಷೆಗೆ ಕೇಳಿದೆ.

"ಕೇಳಿಸ್ತು" ಅಂದರು. "ಎಲ್ಲರದ್ದೂ ಮುಗಿದ ಮೇಲೆ ಒಂದು ಬಂತಲ್ಲ, ಅದು ನೀನೇ ತಾನೇ?"