ಪ್ರತಿಕೃತಿ ರೇಸ್ ಕಾರು ವೇಗದಲ್ಲಿ ನೆಲ ಬಿಡುವುದೇಕೆ?

ಫೋರ್ಡ್ ಜಿಟಿ40, ಪೋರ್ಷೆ 917, ಕೋಬ್ರಾ ಡೇಟೋನಾ ಕೂಪೆಯಂತಹ 1960ರ ದಶಕದ ರೇಸ್ ಕಾರುಗಳ ಪ್ರತಿಕೃತಿಗಳು, ಅಂದರೆ ಅವನ್ನೇ ನೋಡಿ ಹೊಸದಾಗಿ ಕಟ್ಟಿದ ಪೂರ್ಣ ಗಾತ್ರದ ಕಾರುಗಳು, ಸಾಧಾರಣ ವೇಗದಲ್ಲಿ ಬಹಳ ವಿಧೇಯವಾಗಿ ಓಡುತ್ತವೆ. ಗಂಟೆಗೆ 160 ಕಿ.ಮೀ. ದಾಟಿದ ಮೇಲೆ ಸ್ಟೀರಿಂಗ್ ಹಗುರಾಗತೊಡಗುತ್ತದೆ. 200ರ ಆಸುಪಾಸಿನಲ್ಲಿ ಹಿಂಬದಿ ಅತ್ತಿತ್ತ ತೂಗಾಡುತ್ತದೆ. ಬಾಗಿದ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಕಾರು ಯಾವ ಕಡೆಗೆ ಹೋದೀತೆಂದು ಹೇಳಲಾಗದ ಸ್ಥಿತಿ ಬರುತ್ತದೆ. ಆಗ ಹೆಚ್ಚಿನವರು ಸ್ಪ್ರಿಂಗುಗಳನ್ನು ಗಡುಸುಗೊಳಿಸುತ್ತಾರೆ, ಟೈರುಗಳನ್ನು ಅಗಲ ಮಾಡುತ್ತಾರೆ, ಅಥವಾ ಇಂದಿನ ರೇಸ್ ಕಾರಿನ ದೊಡ್ಡ ರೆಕ್ಕೆಯೊಂದನ್ನು ಹಿಂದೆ ಕೂರಿಸುತ್ತಾರೆ. ಈ ಮೂರೂ ಕ್ರಮಗಳು ತಪ್ಪು ಜಾಗದಿಂದ ಆರಂಭವಾಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂಲ ಕಾರುಗಳಿಗೂ ಇದೇ ಕಾಯಿಲೆ ಇತ್ತು, ಅದಕ್ಕೆ ಆ ಕಾಲದವರೇ ಮದ್ದನ್ನೂ ಕಂಡುಕೊಂಡಿದ್ದರು. ಪ್ರತಿಕೃತಿ ಕಟ್ಟುವವರು ಮೊದಲು ಆ ಮದ್ದನ್ನು ಅರ್ಥ ಮಾಡಿಕೊಳ್ಳಬೇಕು, ಆಮೇಲೆ ತಮ್ಮ ಕಾರಿಗೆ ಅದು ಎಷ್ಟು ಬೇಕೆಂಬುದನ್ನು ಅಳೆದು ತೀರ್ಮಾನಿಸಬೇಕು.

1964ರ ಏಪ್ರಿಲ್‌ನಲ್ಲಿ, 24 ಗಂಟೆಗಳ ಕಾರ್ ರೇಸಿಗೆ ಹೆಸರಾದ ಫ್ರಾನ್ಸಿನ ಲ ಮಾನ್‌ನ ಪರೀಕ್ಷಾ ಓಟಕ್ಕೆ ಬಂದ ಎರಡು ಜಿಟಿ40 ಕಾರುಗಳೂ ಅಪಘಾತಕ್ಕೀಡಾದವು. ಆ ಕಾರಿನ ಬಾಡಿ ನೋಡಲು ಅಷ್ಟೊಂದು ನಯವಾಗಿದ್ದರೂ ವೇಗ ಏರಿದಂತೆ ಹಿಂಬದಿ ನೆಲದ ಹಿಡಿತ ಕಳೆದುಕೊಳ್ಳುತ್ತಿತ್ತು. ಬಾಲದ ತುದಿಗೆ ಒಂದು ಗಿಡ್ಡ ಸ್ಪಾಯ್ಲರ್, ಅಂದರೆ ಗಾಳಿಯನ್ನು ಮೇಲಕ್ಕೆ ತಿರುಗಿಸುವ ಪಟ್ಟಿ, ಸೇರಿಸಿದ ಮೇಲೆ ಕಾರು ಹದಕ್ಕೆ ಬಂದಿತು. ಅದಕ್ಕೂ ಮೊದಲೇ, 1961ರಲ್ಲಿ, ಫೆರಾರಿಯ ಚಾಲಕ ರಿಚಿ ಗಿಂಥರ್ 246 ಎಸ್‌ಪಿ ಕಾರಿನ ಹಿಂಬದಿಗೆ ಇಂಥದೇ ಪಟ್ಟಿಯೊಂದರ ಪ್ರಯೋಜನವನ್ನು ಕಂಡುಕೊಂಡಿದ್ದರು. ಪೋರ್ಷೆ 917ರ ಕಥೆ ಇನ್ನೂ ಹೆಚ್ಚು ಬೋಧಪ್ರದವಾಗಿದೆ. 1969ರಲ್ಲಿ ಆ ಕಾರನ್ನು ಓಡಿಸಲು ನುರಿತ ಚಾಲಕರೇ ಹಿಂಜರಿಯುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಜೆಲ್ಟ್‌ವೆಗ್ ಬಳಿ ಪರೀಕ್ಷೆ ನಡೆಯುತ್ತಿದ್ದಾಗ ಬ್ರಿಟನ್ನಿನ ಜೆಡಬ್ಲ್ಯೂ ರೇಸ್ ತಂಡದ ಇಂಜಿನಿಯರ್ ಜಾನ್ ಹಾರ್ಸ್‌ಮನ್, ಕಾರಿನ ಮೈಗೆಲ್ಲ ಹುಳುಗಳು ಅಪ್ಪಳಿಸಿ ಸತ್ತು ಅಂಟಿದ್ದರೂ ಬಾಲದ ಭಾಗ ಮಾತ್ರ ಶುಭ್ರವಾಗಿರುವುದನ್ನು ಗಮನಿಸಿದರು. ಹುಳು ಬಡಿದಿಲ್ಲವೆಂದರೆ ಅಲ್ಲಿಗೆ ಗಾಳಿಯೇ ತಾಗುತ್ತಿಲ್ಲ ಎಂದರ್ಥ. ಅಲ್ಲಿಯೇ ಅಲ್ಯೂಮಿನಿಯಂ ತಗಡುಗಳಿಂದ ಬಾಲವನ್ನು ಗಾಳಿಯ ಹರಿವಿನೊಳಕ್ಕೆ ಎತ್ತರಿಸಿದರು. ಆ ಬದಲಾವಣೆಯಿಂದ ಹುಟ್ಟಿದ 917ಕೆ ಮಾದರಿ 1970ರಲ್ಲಿ ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್ ಅವರ ಕೈಯಲ್ಲಿ ಲ ಮಾನ್ ಗೆದ್ದಿತು.

ಈ ಪ್ರಸಂಗಗಳಲ್ಲಿ ಎಂಜಿನ್ ಶಕ್ತಿಯಾಗಲಿ ಸ್ಪ್ರಿಂಗಾಗಲಿ ನಿರ್ಣಾಯಕವಾಗಲಿಲ್ಲ. ಗಾಳಿ ಕಾರನ್ನು ಮೇಲಕ್ಕೆತ್ತುವ ಬಲ, ಅಂದರೆ ಲಿಫ್ಟ್, ನಿರ್ಣಾಯಕವಾಯಿತು. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ: ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಎದುರಿನಿಂದ ಕಾಣುವ ವಿಸ್ತೀರ್ಣ 1.7 ಚದರ ಮೀಟರ್, ಲಿಫ್ಟ್ ಗುಣಾಂಕ (ಬಾಡಿಯ ಆಕಾರ ಎಷ್ಟು ಲಿಫ್ಟ್ ಹುಟ್ಟಿಸುತ್ತದೆಂದು ತೋರಿಸುವ ಅಂಕಿ) 0.3 ಇರುವ ಕಾರೊಂದನ್ನು ಊಹಿಸಿಕೊಳ್ಳೋಣ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಅದನ್ನು ಎತ್ತುವ ಬಲ ಸುಮಾರು 20 ಕಿಲೋ ತೂಕಕ್ಕೆ ಸಮ. ಅದು ಯಾರ ಗಮನಕ್ಕೂ ಬರುವುದಿಲ್ಲ. 180ರಲ್ಲಿ ಅದು 78 ಕಿಲೋ ಆಗುತ್ತದೆ, 250ರಲ್ಲಿ 150 ಕಿಲೋ ಮುಟ್ಟುತ್ತದೆ. ಸಾವಿರ ಕಿಲೋ ತೂಗುವ ಕಾರಿನಲ್ಲಿ ಈ ಬಲದ ಬಹುಪಾಲು ಒಂದೇ ಆಕ್ಸಲ್ ಮೇಲೆ ಬಿದ್ದರೆ ಆ ತುದಿಯ ಟೈರುಗಳು ಎಷ್ಟು ಹಿಡಿತ ಕಳೆದುಕೊಳ್ಳುತ್ತವೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕಾರಿನ ವರ್ತನೆ ವೇಗದೊಂದಿಗೆ ನಿಧಾನವಾಗಿ ಕೆಡದೆ ಥಟ್ಟನೆ ಕೆಟ್ಟಂತೆ ಅನಿಸುವುದಕ್ಕೂ ಈ ವರ್ಗದ ನಿಯಮವೇ ಕಾರಣ.

ಪ್ರತಿಕೃತಿಗಳಲ್ಲಿ ಈ ತೊಂದರೆ ಮೂಲಕ್ಕಿಂತ ಹೆಚ್ಚಾಗಿರುವುದಕ್ಕೆ ಹಲವು ಕಾರಣಗಳಿವೆ. ಹೊರಗಿನ ಆಕಾರವನ್ನು ನಕಲು ಮಾಡುವಷ್ಟು ಶ್ರದ್ಧೆಯಿಂದ ಗಾಳಿ ಸಾಗುವ ಒಳದಾರಿಗಳನ್ನು ಯಾರೂ ನಕಲು ಮಾಡುವುದಿಲ್ಲ. ಬೇರೆ ಕಾರಿನ ಚಾಸಿಯನ್ನು (ತಳದ ಚೌಕಟ್ಟನ್ನು) ಬಳಸಿದಾಗ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ, ಕೂಡ ಬದಲಾಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್‌ನ ವೀಲ್‌ಬೇಸ್ 2400 ಮಿ.ಮೀ. ಆಗಿದ್ದರೆ ಪೋರ್ಷೆ 550ರದ್ದು 2100 ಮಾತ್ರ, ಆದ್ದರಿಂದ ಬೀಟಲ್ ತಳದ ಮೇಲೆ 550 ಕಟ್ಟುವವರು ಒಂದೋ ತಳವನ್ನು ಕತ್ತರಿಸಿ ಕಿರಿದು ಮಾಡಬೇಕು, ಇಲ್ಲವೇ ಬಾಡಿಯನ್ನು ಹಿಗ್ಗಿಸಬೇಕು. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ನಿಲುವಿನ ವ್ಯತ್ಯಾಸ. ರಸ್ತೆಯ ಉಬ್ಬುಗಳಿಗೆ ತಾಗದಿರಲೆಂದು ಮೂಗನ್ನು ಎತ್ತರಿಸಿದಾಗ ಕಾರಿನ ಕೆಳಗೆ ಹೆಚ್ಚು ಗಾಳಿ ನುಗ್ಗುತ್ತದೆ. ಗಾಳಿ ನುಗ್ಗಿದಷ್ಟೂ ಮೂಗು ಮತ್ತಷ್ಟು ಏಳುತ್ತದೆ, ಅದು ಎದ್ದಷ್ಟೂ ಇನ್ನಷ್ಟು ಗಾಳಿ ಒಳಸೇರುತ್ತದೆ. 2400 ಮಿ.ಮೀ. ವೀಲ್‌ಬೇಸ್‌ನ ಕಾರಿನಲ್ಲಿ ಮುಂದಿಗೂ ಹಿಂದಿಗೂ ಎತ್ತರದಲ್ಲಿ 42 ಮಿ.ಮೀ. ವ್ಯತ್ಯಾಸವಾದರೆ ಬಾಡಿಯ ಕೋನ ಒಂದು ಡಿಗ್ರಿ ಬದಲಾಗುತ್ತದೆ. ಆದ್ದರಿಂದ ಯಾವ ಪಟ್ಟಿಯನ್ನಾಗಲಿ ರೆಕ್ಕೆಯನ್ನಾಗಲಿ ಜೋಡಿಸುವ ಮುನ್ನ ಚಾಲಕನ ತೂಕ ಮತ್ತು ಅರ್ಧ ಟ್ಯಾಂಕ್ ಇಂಧನದೊಂದಿಗೆ ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಮೂಗು ಬಾಲಕ್ಕಿಂತ ತುಸು ತಗ್ಗಾಗಿದೆಯೇ ಎಂದು ಅಳೆದು ನೋಡಬೇಕು. ಖರ್ಚಿಲ್ಲದ ಈ ಒಂದು ತಿದ್ದುಪಡಿಯಿಂದಲೇ ಸ್ಟೀರಿಂಗ್ ಹಗುರಾಗುವುದು ಎಷ್ಟೋ ಕಾರುಗಳಲ್ಲಿ ಗಮನಾರ್ಹವಾಗಿ ತಗ್ಗುತ್ತದೆ.

ಅಳತೆಗೆ ವಿಂಡ್ ಟನಲ್ (ನಿಂತ ಕಾರಿನ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಬೇಕೇ ಬೇಕೆಂದಿಲ್ಲ. ಬಾಡಿಯ ಮೇಲೆ ಸಣ್ಣ ಉಣ್ಣೆಯ ಎಳೆಗಳನ್ನು ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಸಾಗುವ ಕಾರಿನಿಂದ ಚಿತ್ರೀಕರಿಸಿದರೆ ಗಾಳಿ ಎಲ್ಲಿ ಮೈಗೆ ಅಂಟಿ ಹರಿಯುತ್ತಿದೆ, ಎಲ್ಲಿ ಬಿಟ್ಟುಹೋಗುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ. ಜೆಲ್ಟ್‌ವೆಗ್‌ನಲ್ಲಿ ಹುಳುಗಳು ತೋರಿಸಿಕೊಟ್ಟದ್ದನ್ನು ಇಲ್ಲಿ ಎಳೆಗಳು ತೋರಿಸುತ್ತವೆ. ಒತ್ತಡ ಅಳೆಯಲು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ಬಣ್ಣದ ನೀರು ತುಂಬಿದರೆ ಸಾಕು. ಗಂಟೆಗೆ 180 ಕಿ.ಮೀ. ವೇಗದಲ್ಲಿ ಗಾಳಿಗೆ ನೇರ ಎದುರಾದ ಬಿಂದುವಿನಲ್ಲಿ ನೀರಿನ ಮಟ್ಟ ಸುಮಾರು 150 ಮಿ.ಮೀ. ವ್ಯತ್ಯಾಸ ತೋರಿಸುತ್ತದೆ, ಇದು ಕಣ್ಣಿಗೆ ಚೆನ್ನಾಗಿ ಕಾಣುವ ಅಳತೆ. ಲಿಫ್ಟ್ ಅಳೆಯಲು ಶಾಕ್ ಅಬ್ಸಾರ್ಬರ್‌ಗಳ ಪಕ್ಕದಲ್ಲಿ ಚಲನೆ ದಾಖಲಿಸುವ ಸೆನ್ಸರ್‌ಗಳನ್ನು ಕೂರಿಸಿ, ಸಮತಟ್ಟಾದ ನೇರ ಹಾದಿಯಲ್ಲಿ ಮೊದಲು 60ರ ಸ್ಥಿರ ವೇಗದಲ್ಲಿ, ನಂತರ 180ರ ಸ್ಥಿರ ವೇಗದಲ್ಲಿ, ಎರಡೂ ದಿಕ್ಕಿನಲ್ಲಿ ಓಡಿಸಬೇಕು. ಚಕ್ರದ ಬಳಿ ಸ್ಪ್ರಿಂಗಿನ ಬಿಗಿತ ಪ್ರತಿ ಮಿಲಿಮೀಟರಿಗೆ 40 ನ್ಯೂಟನ್ ಇದ್ದು ಹಿಂಬದಿ 10 ಮಿ.ಮೀ. ಮೇಲೆದ್ದರೆ, ಎರಡು ಚಕ್ರ ಸೇರಿ 800 ನ್ಯೂಟನ್, ಅಂದರೆ ಸುಮಾರು 80 ಕಿಲೋ ತೂಕ ಹಿಂಬದಿಯಿಂದ ಮಾಯವಾಗಿದೆ ಎಂದಾಯಿತು. ಈ ಎರಡು ಅಂಕಿಗಳು, ಮುಂದಿನ ಆಕ್ಸಲ್‌ನದೊಂದು ಹಿಂದಿನದೊಂದು, ಕೈಯಲ್ಲಿಲ್ಲದೆ ಮಾಡುವ ಯಾವ ಬದಲಾವಣೆಯನ್ನೂ ನಾನು ಸುಧಾರಣೆ ಎಂದು ಕರೆಯಲಾರೆ.

ಮೂಗಿನ ಭಾಗದಲ್ಲಿ ಎಲ್ಲರೂ ಮೊದಲು ಯೋಚಿಸುವುದು ಸ್ಪ್ಲಿಟರ್, ಅಂದರೆ ಮೂಗಿನ ಕೆಳಗೆ ಮುಂದಕ್ಕೆ ಚಾಚುವ ಚಪ್ಪಟೆ ಹಲಗೆಯ ಬಗ್ಗೆ. ನಾನು ಮೊದಲು ನೋಡುವುದು ರೇಡಿಯೇಟರ್ ಕಡೆಗೆ. ಮುಂಭಾಗದ ರೇಡಿಯೇಟರ್ ದಾಟಿದ ಬಿಸಿಗಾಳಿ ಹೊರಹೋಗಲು ದಾರಿ ಕಾಣದೆ ಮೂಗಿನೊಳಗೇ ಒತ್ತಡ ಕಟ್ಟಿಕೊಂಡು ಕಾರಿನ ತಳಕ್ಕೆ ಸುರಿಯುತ್ತಿದ್ದರೆ, ಅದೇ ಮುಂದಿನ ಲಿಫ್ಟ್‌ಗೆ ದೊಡ್ಡ ಕಾರಣವಾಗಿರುತ್ತದೆ. ಜಿಟಿ40ರ ಮೂಗಿನ ಮೇಲಿರುವ ಎರಡು ದೊಡ್ಡ ಹೊರಗಂಡಿಗಳು ಅಲಂಕಾರಕ್ಕಾಗಿ ಬಂದವಲ್ಲ. ಬಿಸಿಗಾಳಿಯನ್ನು ಮೇಲಿನಿಂದ ಹೊರಗೆ ಬಿಡುವುದೇ ಅವುಗಳ ಕೆಲಸ. ಹಲವು ಪ್ರತಿಕೃತಿಗಳಲ್ಲಿ ಗಂಡಿಗಳೇನೋ ಇರುತ್ತವೆ, ಆದರೆ ರೇಡಿಯೇಟರಿನಿಂದ ಅಲ್ಲಿಗೆ ಗಾಳಿಯನ್ನು ಒಯ್ಯುವ ಮುಚ್ಚಿದ ದಾರಿ ಇರುವುದಿಲ್ಲ. ತೆಳುವಾದ ಅಲ್ಯೂಮಿನಿಯಂ ಹಾಳೆಯಿಂದ ಆ ದಾರಿ ಕಟ್ಟಿ, ರೇಡಿಯೇಟರಿನ ಸುತ್ತಲಿನ ಸಂದುಗಳನ್ನು ಫೋಮ್‌ನಿಂದ ಮುಚ್ಚಿದರೆ ಎಂಜಿನ್ ತಣ್ಣಗಿರುತ್ತದೆ, ಮುಂದಿನ ಚಕ್ರಗಳ ಮೇಲಿನ ಭಾರವೂ ಉಳಿಯುತ್ತದೆ. ಚಕ್ರದ ಕಮಾನುಗಳ ಮೇಲೆ ಕೊರೆಯುವ ಸೀಳುಗಂಡಿಗಳಿಗೂ ಇದೇ ತರ್ಕ ಅನ್ವಯಿಸುತ್ತದೆ: ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುವಲ್ಲಿ ಮಾತ್ರ ಅವು ಪ್ರಯೋಜನಕ್ಕೆ ಬರುತ್ತವೆ, ಮತ್ತು ಅದನ್ನು ನೀರಿನ ಕೊಳವೆ ಮೊದಲೇ ತಿಳಿಸುತ್ತದೆ. ವಿಂಡ್‌ಸ್ಕ್ರೀನ್‌ನ ಬುಡದಲ್ಲಿ ಒತ್ತಡ ಹೆಚ್ಚಿರುವುದರಿಂದ ಅಲ್ಲಿ ಹೊರಗಂಡಿ ಮಾಡಿದರೆ ಗಾಳಿ ಒಳಕ್ಕೇ ಬರುತ್ತದೆ. ಇಷ್ಟಾದ ಮೇಲೂ ಮುಂದಿನ ಲಿಫ್ಟ್ ಉಳಿದಿದ್ದರೆ ಮೂಗಿನ ಕೆಳಗೆ ಗಿಡ್ಡ ತಡೆಪಟ್ಟಿ ಅಥವಾ ಕಿರು ಸ್ಪ್ಲಿಟರ್ ಸೇರಿಸುವುದು ನ್ಯಾಯವಾದ ಕ್ರಮ.

ಬಾಲದ ಸ್ಪಾಯ್ಲರ್ ವಿಷಯದಲ್ಲಿ ಒಂದು ಲೆಕ್ಕವನ್ನು ಪ್ರತಿಯೊಬ್ಬರೂ ಮಾಡಲೇಬೇಕು. ಹಿಂದಿನ ಆಕ್ಸಲ್‌ಗಿಂತ 0.8 ಮೀಟರ್ ಹಿಂದೆ ಇರುವ ಸ್ಪಾಯ್ಲರ್ 50 ಕಿಲೋ ಕೆಳಮುಖ ಬಲ ಕೊಡುತ್ತದೆಂದು ಇಟ್ಟುಕೊಳ್ಳಿ. 2.4 ಮೀಟರ್ ವೀಲ್‌ಬೇಸ್‌ನಲ್ಲಿ ಆ ಬಲ ಹಿಂದಿನ ಚಕ್ರಗಳಿಗೆ ಸುಮಾರು 67 ಕಿಲೋ ಸೇರಿಸುತ್ತದೆ, ಮುಂದಿನ ಚಕ್ರಗಳಿಂದ 17 ಕಿಲೋ ಕಸಿಯುತ್ತದೆ. ಏತದ ಮರದಂತೆ ಒಂದು ತುದಿ ಒತ್ತಿದರೆ ಇನ್ನೊಂದು ಏಳುತ್ತದೆ. ಮೊದಲೇ ಹಗುರಾಗಿದ್ದ ಸ್ಟೀರಿಂಗ್ ದೊಡ್ಡ ರೆಕ್ಕೆ ಹಾಕಿದ ಮೇಲೆ ಮತ್ತಷ್ಟು ಹಗುರಾಗುವುದು ಇದರಿಂದಲೇ. ಹಾಗಾಗಿ ಹಿಂದೆ ಸೇರಿಸುವ ಬಲಕ್ಕೆ ಸರಿಯಾಗಿ ಮುಂದೆಯೂ ಲಿಫ್ಟ್ ತಗ್ಗಿಸುತ್ತ ಹೋಗಬೇಕು. ಈ ಕಾರುಗಳಿಗೆ ಭಾರೀ ಡೌನ್‌ಫೋರ್ಸ್ ಬೇಕಿಲ್ಲ. ಎರಡೂ ಆಕ್ಸಲ್‌ಗಳಲ್ಲಿ ಲಿಫ್ಟ್ ಸೊನ್ನೆಯ ಹತ್ತಿರಕ್ಕೆ ಬಂದು, ಹಿಂದೆ ಅತ್ಯಲ್ಪ ಒತ್ತು ಹೆಚ್ಚಿದ್ದರೆ ಸಾಕು. ಬಾಲದ ಅಂಚಿಗೆ ಬೋಲ್ಟ್ ಹಾಕಬಹುದಾದ ಪಟ್ಟಿಯೊಂದನ್ನು ಮಾಡಿಕೊಂಡು ಅದರ ಎತ್ತರವನ್ನು 10 ಮಿ.ಮೀ. ಹೆಜ್ಜೆಗಳಲ್ಲಿ ಬದಲಿಸುತ್ತ, ಪ್ರತಿ ಹೆಜ್ಜೆಗೂ ಎರಡೂ ಆಕ್ಸಲ್‌ಗಳ ಅಂಕಿ ಬರೆದಿಟ್ಟುಕೊಂಡರೆ ಸರಿಯಾದ ಎತ್ತರ ತಾನಾಗಿ ಗೊತ್ತಾಗುತ್ತದೆ. ಹೀಗೆ ಮಾಡಿದ ಕಾರು ತನ್ನ ಕಾಲದ ಚಹರೆಯನ್ನೂ ಕಳೆದುಕೊಳ್ಳುವುದಿಲ್ಲ, ಮತ್ತು ಅದು ನನಗೆ ಸಣ್ಣ ವಿಷಯವಲ್ಲ.

ಡಿಫ್ಯೂಸರ್, ಅಂದರೆ ಕಾರಿನ ತಳದ ಹಿಂಭಾಗದಲ್ಲಿ ಮೇಲಕ್ಕೆ ಓರೆಯಾಗಿ ಏರುವ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲದಿಂದ ಎತ್ತರದಲ್ಲಿರುವ, ತಳದಲ್ಲಿ ಗೇರ್‌ಬಾಕ್ಸ್ ಮತ್ತು ಎಕ್ಸಾಸ್ಟ್ ತುಂಬಿರುವ ಕಾರಿನಲ್ಲಿ ಅದರಿಂದ ಸಿಗುವ ಲಾಭ ಕಡಿಮೆ. ತಳದ ಮುಂಭಾಗವನ್ನು ಚಪ್ಪಟೆ ಹಾಳೆಯಿಂದ ಮುಚ್ಚುವುದು ಅದಕ್ಕಿಂತ ಫಲದಾಯಕ.

ಗಾಳಿಗೂ ಸಸ್ಪೆನ್ಷನ್‌ಗೂ ಇರುವ ನಂಟನ್ನು ಮಾತ್ರ ಕಡೆಗಣಿಸುವಂತಿಲ್ಲ. ಲಿಫ್ಟ್‌ನಿಂದ ಹಿಂಬದಿ 15 ಮಿ.ಮೀ. ಎದ್ದಾಗ ಹಿಂದಿನ ಚಕ್ರಗಳ ಟೋ ಕೋನವೂ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ (ಟೋ ಇನ್) ಹೊರಕ್ಕೋ (ಟೋ ಔಟ್) ತಿರುಗಿರುವ ಕೋನವೂ, ಬದಲಾಗುತ್ತದೆ. ಸಸ್ಪೆನ್ಷನ್ ತೋಳುಗಳ ಉದ್ದ ಮತ್ತು ಕೂರಿಸಿದ ಜಾಗ ಸರಿಯಿಲ್ಲದಿದ್ದರೆ ಚಕ್ರಗಳು ಟೋ ಔಟ್ ಕಡೆಗೆ ಹೊರಳುತ್ತವೆ, ಮತ್ತು ನಿಂತ ಕಾರಿನಲ್ಲಿ ಮಾಡಿಸಿದ ಅಲೈನ್‌ಮೆಂಟ್ 200ರ ವೇಗದಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಚಾಲಕ ಗಾಳಿಯ ದೋಷವೆಂದು ಭಾವಿಸುವ ತೂಗಾಟದಲ್ಲಿ ಇದರ ಪಾಲು ದೊಡ್ಡದಿರಬಹುದು. ಸ್ಪ್ರಿಂಗ್ ತೆಗೆದು, ಚಕ್ರವನ್ನು ನಿಲುವಿನ ಎತ್ತರದಿಂದ 30 ಮಿ.ಮೀ. ಮೇಲಕ್ಕೂ ಕೆಳಕ್ಕೂ 5 ಮಿ.ಮೀ. ಹೆಜ್ಜೆಗಳಲ್ಲಿ ಸರಿಸುತ್ತ ಟೋ ಎಷ್ಟು ಬದಲಾಗುತ್ತದೆಂದು ಗೀಚಿಕೊಳ್ಳಬೇಕು. ಹಿಂದಿನ ಚಕ್ರಗಳು ಆ ಇಡೀ ವ್ಯಾಪ್ತಿಯಲ್ಲಿ ತುಸು ಟೋ ಇನ್ ಆಗಿಯೇ ಉಳಿಯಬೇಕು. ಟೈರಿನ ವೇಗಮಿತಿಯೂ ಮುಖ್ಯ: ಎಚ್ ಅಕ್ಷರವಿದ್ದರೆ ಗಂಟೆಗೆ 210 ಕಿ.ಮೀ., ವಿ ಇದ್ದರೆ 240, ಡಬ್ಲ್ಯೂ ಇದ್ದರೆ 270. ಹಳೆಯ ನೋಟಕ್ಕಾಗಿ ಎತ್ತರದ ಪಕ್ಕಗೋಡೆಯ ಟೈರ್ ಆರಿಸುವವರು ಈ ಅಕ್ಷರವನ್ನು ಓದದೆ ಕೊಳ್ಳಬಾರದು.

ಕೊನೆಯದಾಗಿ ಜೋಡಣೆಯ ವಿಷಯ. 1969ರಲ್ಲಿ ಬಾರ್ಸಿಲೋನಾದ ಮೊಂಜುವಿಕ್ ಹಾದಿಯಲ್ಲಿ ಲೋಟಸ್ ಕಾರುಗಳ ಎತ್ತರದ ರೆಕ್ಕೆಗಳು ಓಟದ ಮಧ್ಯೆಯೇ ಮುರಿದು ಬಿದ್ದ ಮೇಲೆ ಫಾರ್ಮುಲಾ ಒನ್ ಅಂಥ ರೆಕ್ಕೆಗಳನ್ನು ನಿಷೇಧಿಸಿತು. ಅಲ್ಲಿ ಕೆಳಗೆ ಒತ್ತುವ ಬಲವಿತ್ತು, ಅದನ್ನು ಹೊರುವ ಆಧಾರ ಸಾಲಲಿಲ್ಲ. ಪ್ರತಿಕೃತಿಯ ಫೈಬರ್‌ಗ್ಲಾಸ್ ಬಾಲ ಹಲವು ಕಡೆ ಮೂರು ಮಿಲಿಮೀಟರಿಗಿಂತ ದಪ್ಪವಿರುವುದಿಲ್ಲ. ಅದಕ್ಕೆ ನೇರವಾಗಿ ತಿರುಪು ಹಾಕಿದ ಸ್ಪಾಯ್ಲರ್ 50 ಕಿಲೋ ಬಲವನ್ನು ಚಕ್ರಗಳಿಗೆ ತಲುಪಿಸುವ ಬದಲು ಬಾಲವನ್ನೇ ಬಾಗಿಸುತ್ತದೆ. ಒಳಗಿನಿಂದ ತಗಡಿನ ಬೆಂಬಲ ಕೊಟ್ಟು, ಬಾಲ ಮುಚ್ಚಿದಾಗ ಚಾಸಿಯ ಕೊಳವೆಯ ಮೇಲೆ ರಬ್ಬರ್ ಮೆತ್ತೆಯೊಂದಿಗೆ ಕೂರುವ ಎರಡು ಗಟ್ಟಿ ಆಧಾರಗಳನ್ನು ಮಾಡಿಕೊಳ್ಳಬೇಕು. ಮುಂದಕ್ಕೆ ತೆರೆಯುವ ಮೂಗಿನ ಹೊದಿಕೆಯ ಒಳಗೂ ಗಾಳಿಯ ಒತ್ತಡ ಕಟ್ಟುವುದರಿಂದ, ಅದರ ಮುಖ್ಯ ಚಿಲಕದ ಜೊತೆಗೆ ಎರಡೂ ಪಕ್ಕಗಳಲ್ಲಿ ಸ್ವತಂತ್ರವಾಗಿ ಹಿಡಿಯುವ ಪಿನ್‌ಗಳಿರಬೇಕು. ಪರೀಕ್ಷೆ ನಡೆಯಬೇಕಾದದ್ದು ಮುಚ್ಚಿದ ಟ್ರ್ಯಾಕ್‌ನಲ್ಲಿ ಮಾತ್ರ, ಮತ್ತು ಪ್ರತಿ ಓಟದ ನಂತರ ಈ ಆಧಾರಗಳ ಬುಡದಲ್ಲಿ ಬಣ್ಣ ಬಿರಿದಿದೆಯೇ ಎಂದು ನೋಡಿದ ಮೇಲೆಯೇ ವೇಗವನ್ನು ಇನ್ನೊಂದು ಹಂತಕ್ಕೆ ಏರಿಸಬೇಕು.