ಮನೆ ಪ್ಯಾಕ್ಸ್ ಲಾಗ್: ಡೈಕಾಮ್ ವೇಷ ಹಾಕಿದ ಜೆಪೆಗ್

ಸ್ಕ್ಯಾನ್ ಚಿತ್ರಗಳನ್ನು ಇಟ್ಟು ಡಾಕ್ಟರಿಗೆ ಲಿಂಕ್‌ನಲ್ಲಿ ತೋರಿಸೋಕೆ ಮನೆಯಲ್ಲೇ ಒಂದು ಸರ್ವರ್ (ಪ್ಯಾಕ್ಸ್) ಇಟ್ಟಿದ್ದೇನೆ. ಅದರಲ್ಲಿ ಚಿಕ್ಕಪ್ಪನ ಶ್ವಾಸಕೋಶ ಕಾಣದಂತೆ ಮಾಡಿದ ಕಳ್ಳ ಕೊನೆಗೂ ಸಿಕ್ಕಿದ. ತಪ್ಪು ಚಿತ್ರಗಳನ್ನು ಇಟ್ಟುಕೊಳ್ಳುವ ಆರ್ಥಾಂಕ್ ಸರ್ವರ್‌ದಲ್ಲ, ಬ್ರೌಸರ್‌ನಲ್ಲಿ ಅವನ್ನು ತೋರಿಸುವ ಓಹಿಫ್ ವ್ಯೂವರ್‌ದೂ ಅಲ್ಲ, ನಡುವೆ ಕೂತು ಫೈಲ್ ದಾಟಿಸುವ ಪ್ರಾಕ್ಸಿಯದಂತೂ ಅಲ್ವೇ ಅಲ್ಲ. ಪಾಪ, ಅದನ್ನೇ ಜಾಸ್ತಿ ಬೈದಿದ್ದೆ.

ಸರ್ವರ್ ಕೂರಿಸಿದ ಕಥೆ ಇಲ್ಲಿ ಬೇಡ. ಬಿಡಿ.

ಚಿಕ್ಕಪ್ಪನ ಎದೆಯ ಸಿಟಿ ಸ್ಕ್ಯಾನ್ ಆಗಿತ್ತು. ಸ್ಕ್ಯಾನ್ ಸೆಂಟರ್‌ನವರು ಮೊಬೈಲ್‌ಗೆ ಕಳಿಸಿದ ಲಿಂಕ್‌ನಲ್ಲಿ ‘ಡೈಕಾಮ್ ಡೌನ್‌ಲೋಡ್’ ಅನ್ನೋ ಬಟನ್ ಇತ್ತು. ಡೈಕಾಮ್ ಅಂದರೆ ವೈದ್ಯಕೀಯ ಚಿತ್ರಗಳ ಫೈಲ್ ಮಾದರಿ. ಇಳಿಸಿಕೊಂಡು ಆರ್ಥಾಂಕ್‌ಗೆ ಏರಿಸಿ, ಶ್ವಾಸಕೋಶದ ಡಾಕ್ಟರಿಗೆ ನನ್ನ ಲಿಂಕ್ ಕಳಿಸಿದೆ. ಅವರ ಉತ್ತರ ಒಂದೇ ಸಾಲು: ‘ಲಂಗ್ ವಿಂಡೋ ಬರ್ತಿಲ್ಲ.’

ನಿಜವೇ. ಹೃದಯ, ದೊಡ್ಡ ರಕ್ತನಾಳ ಎಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ಶ್ವಾಸಕೋಶದ ಜಾಗದಲ್ಲಿ ಮಾತ್ರ ಎರಡು ಕರೀ ಗುಂಡಿ. ವಿಂಡೋ ಅಂದರೆ ಯಾವ ಸಾಂದ್ರತೆಯಿಂದ ಯಾವ ಸಾಂದ್ರತೆ ತನಕ ಕಪ್ಪಿನಿಂದ ಬಿಳಿಗೆ ತೋರಿಸಬೇಕು ಅನ್ನೋ ವ್ಯಾಪ್ತಿ; ಸೆಂಟರ್ ಅದರ ನಡು, ವಿಡ್ತ್ ಅದರ ಅಗಲ. ಶ್ವಾಸಕೋಶಕ್ಕೆ ಸೆಂಟರ್ -600, ವಿಡ್ತ್ 1500 ಅಂತ ಕೊಟ್ಟರೆ ಇಡೀ ಚಿತ್ರ ಬಿಳಚಿಕೊಳ್ಳುತ್ತಿತ್ತು. ಮೌಸ್ ಎಳೆದರೆ ಕಪ್ಪು ಹೋಗಿ ಬೂದು ಬರುತ್ತಿತ್ತು. ಅದರೊಳಗೆ ಒಂದೇ ಒಂದು ನಾಳ ಮೂಡಿದ್ದರೆ ಕೇಳಿ.

ಮೊದಲ ಅನುಮಾನ ಒತ್ತಿಟ್ಟ ಚಿತ್ರವನ್ನು ಬಿಚ್ಚುವ ಡಿಕೋಡರ್ ಮೇಲೆ. ಬ್ರೌಸರ್‌ನಲ್ಲಿ ಆ ಕೆಲಸ ಮಾಡುವ ವಾಸ್ಮ್ ಫೈಲ್ ಸರಿಯಾಗಿ ಬರುತ್ತಿಲ್ಲವೇನೋ ಅಂತ ಪ್ರಾಕ್ಸಿಯ ಹೆಡರ್‌ಗಳನ್ನೆಲ್ಲ ಕೆದಕಿದೆ. ಎಲ್ಲ ಸರಿಯಾಗಿತ್ತು. ಬ್ರೌಸರನ್ನೇ ಬಿಟ್ಟು ವೀಸಿಸ್ ಅನ್ನೋ ಬೇರೆ ವ್ಯೂವರ್‌ನಲ್ಲಿ ತೆರೆದರೂ ಅದೇ ಗುಂಡಿ. ಹಾಗಾದರೆ ಫೈಲೇ ಸರಿಯಿಲ್ಲ.

ಡೈಕಾಮ್ ಫೈಲಿನ ಒಳವಿವರ ತೋರಿಸುವ ಡಿಸಿಎಮ್‌ಡಂಪ್ ಓಡಿಸಿದಾಗ ಬಂಡವಾಳ ಬಯಲಾಯಿತು. ಮೊಡಾಲಿಟಿ, ಅಂದರೆ ಸ್ಕ್ಯಾನ್ ಬಗೆ, ಸಿಟಿ ಅಂತಲೇ ಇದೆ. ಆದರೆ ಫೈಲ್ ಯಾವ ಜಾತಿಯದು ಅಂತ ಹೇಳುವ ಎಸ್‌ಒಪಿ ಕ್ಲಾಸ್ ಸಿಟಿಯದಲ್ಲ, 1.2.840.10008.5.1.4.1.1.7, ಅಂದರೆ ಸೆಕೆಂಡರಿ ಕ್ಯಾಪ್ಚರ್ (ಬೇರೆ ಕಡೆಯಿಂದ ತೆಗೆದ ನಕಲು ಚಿತ್ರ). ಬಿಟ್ಸ್ ಸ್ಟೋರ್ಡ್ 8, ಅಂದರೆ ಬರೀ 256 ಛಾಯೆ. ಪಿಕ್ಸೆಲ್‌ನ ಅಂಕಿಯನ್ನು ಸಾಂದ್ರತೆಯ ಅಳತೆಗೆ ತರಲು ಕೂಡಿಸುವ ರೀಸ್ಕೇಲ್ ಇಂಟರ್‌ಸೆಪ್ಟ್ ಇಲ್ಲ. ಸ್ಲೈಸ್ ದೇಹದಲ್ಲಿ ಎಲ್ಲಿ ಕೂರುತ್ತದೆ ಅಂತ ಹೇಳುವ ಇಮೇಜ್ ಪೊಸಿಷನ್ ಕೂಡ ಇಲ್ಲ. ಸ್ಲೈಸ್‌ಗಳನ್ನು ಜೋಡಿಸಿ ಬೇರೆ ಕೋನದಿಂದ ತೋರಿಸುವ ಎಂಪಿಆರ್ ಯಾಕೆ ತೆರೆಯುತ್ತಿರಲಿಲ್ಲ ಅನ್ನೋದೂ ಇಲ್ಲೇ ಗೊತ್ತಾಯಿತು.

ಯಾರೋ ಎದೆಯ ನಡುಭಾಗ ತೋರಿಸುವ ಮೀಡಿಯಾಸ್ಟೈನಮ್ ವಿಂಡೋದಲ್ಲಿ, ಅಂದರೆ ಸೆಂಟರ್ 40, ವಿಡ್ತ್ 400ರಲ್ಲಿ, ಜೆಪೆಗ್ ತೆಗೆದು ಅದಕ್ಕೆ ಡೈಕಾಮ್ ಹೆಡರ್ ಅಂಟಿಸಿದ್ದಾರೆ. ಆ ವಿಂಡೋ ತೋರಿಸೋದು -160ರಿಂದ 240 ಹೌನ್ಸ್‌ಫೀಲ್ಡ್ (ಸಿಟಿಯ ಸಾಂದ್ರತೆಯ ಅಳತೆ) ತನಕ ಮಾತ್ರ. ಗಾಳಿ ತುಂಬಿದ ಶ್ವಾಸಕೋಶ ಇರೋದು -700, -800ರ ಸುತ್ತ. ಅದೆಲ್ಲ ಒಟ್ಟಿಗೆ ಸೊನ್ನೆಯಾಗಿ ಹೋಗಿದೆ. ಇನ್ನು ಯಾವ ವ್ಯೂವರ್ ತಂದರೂ ಅದು ವಾಪಸ್ ಬರಲ್ಲ.

ಮಜಾ ಏನು ಗೊತ್ತಾ? ಸ್ಟ್ಯಾಂಡರ್ಡ್ ಪ್ರಕಾರ ಈ ಫೈಲಿಗೆ ಏನೂ ಆಗಿಲ್ಲ. ಸೆಕೆಂಡರಿ ಕ್ಯಾಪ್ಚರ್ ಇರೋದೇ ಸ್ಕ್ರೀನ್‌ಶಾಟಿಗೆ, ಸ್ಕ್ಯಾನ್ ಮಾಡಿದ ಕಾಗದಕ್ಕೆ. ಅದಕ್ಕೇ ಯಾವ ಸರ್ವರೂ ತಕರಾರು ತೆಗೆಯಲ್ಲ.

ಸೆಂಟರ್‌ಗೆ ಫೋನ್ ಮಾಡಿದರೆ, ‘ಡೈಕಾಮೇ ಸರ್ ಅದು, ಫೈಲ್ ಹೆಸರಿನ ಕೊನೆಗೆ ನೋಡಿ’ ಅಂದರು. ಮೂಲ ಸ್ಲೈಸ್‌ಗಳು ಬೇಕು, ಸಣ್ಣ ದಪ್ಪದವು, ಅಂತ ಪಟ್ಟು ಹಿಡಿದ ಮೇಲೆ ಕೊಟ್ಟಿದ್ದು ಒಂದು ಸಿಡಿ. ಈಗ ಸಿಡಿ ಡ್ರೈವ್ ಯಾರ ಮನೆಯಲ್ಲಿದೆ ಹೇಳಿ! ಆನ್‌ಲೈನ್‌ನಲ್ಲಿ ತರಿಸಿದ ಯುಎಸ್‌ಬಿ ಡ್ರೈವ್ ಸದ್ದು ಮಾಡಿತೇ ಹೊರತು ಓದಲಿಲ್ಲ. ಹಿಂದಿರುಗಿಸುವ ಫಾರ್ಮ್ ತುಂಬುವಷ್ಟರಲ್ಲಿ ಗೆಳೆಯನ ಹಳೇ ಲ್ಯಾಪ್‌ಟಾಪ್ ಓದಿ ಮುಗಿಸಿತ್ತು. ಸಿಡಿಯ ಫೈಲ್ ಪಟ್ಟಿಯಾದ ಡೈಕಾಮ್‌ಡಿರ್‌ನಲ್ಲಿ ಹೆಸರುಗಳು ದೊಡ್ಡಕ್ಷರದಲ್ಲಿ, ಲಿನಕ್ಸ್ ಮೌಂಟ್ ಮಾಡಿದ್ದು ಚಿಕ್ಕಕ್ಷರದಲ್ಲಿ. ಆ ಗೋಜಿಗೇ ಹೋಗದೆ ಇಡೀ ಫೋಲ್ಡರ್ ಏರಿಸಿಬಿಟ್ಟೆ.

ಈ ಸಲ ಅಸಲಿ ಸಿಟಿ. 12 ಬಿಟ್, ಇಂಟರ್‌ಸೆಪ್ಟ್ -1024, ಸ್ಲೈಸ್ ಒಂದಕ್ಕೆ 512 ಕೆಬಿ. ಲಂಗ್ ವಿಂಡೋ ಒತ್ತಿದ ತಕ್ಷಣ ಶ್ವಾಸನಾಳದ ಕವಲುಗಳು ಸಾಲಾಗಿ ಮೂಡಿದವು. ಡಾಕ್ಟರು ‘ಈಗ ಸರಿ ಇದೆ’ ಅಂತ ಬರೆದರು. ನನಗೆ ಅಷ್ಟು ಸಾಕು.

ಆ ಕವಲು ನೋಡಿದಾಗಿನಿಂದ ಇನ್ನೊಂದು ಹುಚ್ಚು ಹತ್ತಿದೆ. 3ಡಿ ಸ್ಲೈಸರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಶ್ವಾಸನಾಳ ಬೇರ್ಪಡಿಸಿ 3ಡಿ ಪ್ರಿಂಟ್ ತೆಗೆಯಬೇಕು. ಬರೀ ಥ್ರೆಶೋಲ್ಡ್ (ಇಂತಿಷ್ಟು ಸಾಂದ್ರತೆಯ ಭಾಗವನ್ನೇ ಆರಿಸು ಅನ್ನೋ ಮಿತಿ) ಹಾಕಿದರೆ, ಆರಿಸಿದ ಭಾಗದ ಬಣ್ಣ ಶ್ವಾಸಕೋಶದೊಳಗೆಲ್ಲ ಸೋರುತ್ತದೆ. ಉಪಾಯ ಗೊತ್ತಿದ್ದವರು ಹೇಳಿ. ಪ್ರಿಂಟಿಗೆ ಬೇಕಾದ ರೆಸಿನ್ ಆಗಲೇ ತರಿಸಿದ್ದೇನೆ, ತಡೆಯೋಕಾಗಲಿಲ್ಲ.

ಅದಕ್ಕೂ ಮೊದಲು ಆರ್ಥಾಂಕ್‌ಗೆ ಒಂದು ಲುವಾ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಮುಗಿಸಬೇಕು. ಸಿಟಿ ಅಂತ ಹೇಳಿಕೊಂಡು ಸೆಕೆಂಡರಿ ಕ್ಯಾಪ್ಚರ್ ಬಂದರೆ ಲಿಂಕ್ ಹೊರಡುವ ಮುಂಚೆಯೇ ಎಚ್ಚರಿಸಬೇಕು. ಸಾರಾಸಗಟಾಗಿ ತಿರಸ್ಕರಿಸೋಕಾಗಲ್ಲ, ಯಾಕಂದರೆ ಸಿಡಿಯಲ್ಲಿದ್ದ ವಿಕಿರಣ ಡೋಸ್‌ನ ಪುಟವೂ ಅದೇ ಕ್ಲಾಸ್. ಆ ಪುಟದ್ದೇ ಇನ್ನೊಂದು ರಗಳೆ. ಟೆಸ್ಟಿಂಗ್‌ಗೆ ಅಂತ ಅನಾಮಧೇಯ ಮಾಡಿದ ಪ್ರತಿಯಲ್ಲೂ ಚಿಕ್ಕಪ್ಪನ ಹೆಸರು ಅಲ್ಲಿ ಹಾಗೇ ಇದೆ. ಹೆಡರ್‌ನ ಹೆಸರಿನ ಟ್ಯಾಗ್ ಅಳಿಸಿದರೆ ಚಿತ್ರದ ಪಿಕ್ಸೆಲ್‌ನಲ್ಲೇ ಬರೆದದ್ದು ಹೋಗುತ್ತಾ? ಸದ್ಯಕ್ಕೆ ಆ ಸರಣಿಯನ್ನೇ ಪ್ರತಿಯಿಂದ ತೆಗೆದು ಹಾಕಿದ್ದೇನೆ.